ಹರಿದ ಪ್ಯಾಂಟಿಗೆ ಸಾವಿರ, ಹೊಲಿದ ಕೌದಿಗೆ ಚೌಕಾಸಿ!

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಸಂಜೆ ಬಸ್ಸು. ಕೂರೋಕೆ ಜಾಗ ಇಲ್ಲ, ನಿಲ್ಲೋಕೂ ಇಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಒಬ್ಬ ಅಜ್ಜಿ. ಮಡಿಲಲ್ಲಿ ದೊಡ್ಡದೊಂದು ಗಂಟು, ಕಾಲ ಬುಡದಲ್ಲಿ ಇನ್ನೊಂದು. ಎದುರಿಗೆ ಕಂಬಿ ಹಿಡಿದು ನಿಂತಿದ್ದ ಕಾಲೇಜು ಹುಡುಗನ ಪ್ಯಾಂಟು ಎರಡೂ ಮೊಣಕಾಲಿನ ಹತ್ತಿರ ಹರಿದಿತ್ತು. ಅಜ್ಜಿ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ತಡೆಯಲಾರದೆ ಕೇಳಿಯೇ ಬಿಟ್ಟಳು.

“ಯಪ್ಪಾ, ಎಲ್ಲಿ ಬಿದ್ದಿ? ಸೂಜಿ ದಾರ ನನ್ನ ಹತ್ರನ ಐತಿ. ಸಿರುಗುಪ್ಪ ಬರೋದ್ರಾಗ ಹೊಲಿದು ಕೊಡ್ತೀನಿ.”

“ಬಿದ್ದಿಲ್ಲ ಅಜ್ಜಿ. ಅಂಗಡ್ಯಾಗ ಬರೋದ ಹಿಂಗ. ಹದಿನಾಲ್ಕು ನೂರು ಕೊಟ್ಟೀನಿ.”

ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. “ಹರಿದದ್ದಕ್ಕ ಹದಿನಾಲ್ಕು ನೂರು. ಹೊಲಿದದ್ದಕ್ಕ ಎಂಟು ನೂರು. ಭಾಳ ಚಲೋ ಆತು ಬಿಡು” ಅಂತ ಮಡಿಲ ಗಂಟಿನ ಮೇಲೆ ಕೈಯಾಡಿಸಿದಳು.

ಗಂಟಿನಲ್ಲಿದ್ದದ್ದು ಒಂದು ಕೌದಿ. ಬೆಳಿಗ್ಗೆ ಬಳ್ಳಾರಿಯ ಒಂದು ಅಂಗಡಿಗೆ ತೋರಿಸಲು ತಂದಿದ್ದಳಂತೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ 2023ರ ಜೂನ್‌ನಿಂದ ಉಚಿತ ಆದ ಮೇಲೆ ಇಂಥ ಗಂಟುಗಳು ಪೇಟೆಗೆ ಬರುವುದು ಸಲೀಸಾಗಿದೆ. ಬಂದ ಗಂಟಿಗೆ ಬೆಲೆ ಸಿಗುವುದು ಮಾತ್ರ ಸಲೀಸಾಗಿಲ್ಲ. ಅಂಗಡಿಯವರು ಎಂಟು ನೂರು ಅಂದರು, ಅಜ್ಜಿ ಗಂಟು ಕಟ್ಟಿಕೊಂಡು ವಾಪಸ್ ಬಸ್ ಹತ್ತಿದಳು.

ಅಂಗಡಿಯವರು ಓದಿ ಸಿಟ್ಟಾಗಬೇಡಿ. ನಿಮ್ಮ ಮಾತಿಗೂ ಬರುತ್ತೇನೆ.

ಹಳೇದಕ್ಕೆ ಬಂದ ಕಾಲ

ಹಳೆಯದರಂತೆ ಕಾಣುವ ವಸ್ತುವಿಗೆ ಈಗ ಊರೂರಲ್ಲೂ ಗಿರಾಕಿ. ಬಣ್ಣ ಎದ್ದ ಸ್ಟೂಲು, ಮಾಸಿದ ಹೂವಿನ ಬಟ್ಟೆಯ ದಿಂಬು, ಅಂಚು ಕಂದಿದ ಫೋಟೋ ಫ್ರೇಮು, ಗೋಣಿಚೀಲದ ಮೇಲೆ ಜರಿ ಅಂಚು ಹೊಲಿದ ಕೈಚೀಲ. ಇದಕ್ಕೆ ‘ಶ್ಯಾಬಿ ಶಿಕ್’ ಅಂತ ಹೆಸರು. ಮುಕ್ಕಾದರೂ ಚೊಕ್ಕ ಅನ್ನಬಹುದೇನೋ. ರೇಚಲ್ ಆಶ್‌ವೆಲ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು 1989ರಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿ ತೆರೆದಳು. ಸಂತೆಯಲ್ಲಿ ಸಿಕ್ಕ ಹಳೇ ಮೇಜು ಕುರ್ಚಿಗೆ ಬಿಳಿ ಬಣ್ಣ ಬಳಿದು, ಒಗೆದು ಒಗೆದು ಮೆತ್ತಗಾದ ಬಟ್ಟೆ ಹೊದಿಸಿ ಮಾರಿದಳು. ಹೆಸರು ಜಗತ್ತೆಲ್ಲ ಓಡಾಡಿತು.

ನಮ್ಮ ಕಡೆಗೆ ಈ ಹೆಸರು ಹೊಸದು, ಕಸುಬು ಹೊಸದಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಇದು ಎರಡು ತರಹ ನಡೆದಿದೆ. ಪಟ್ಟಣದಲ್ಲಿ ಹೊಸ ಬಟ್ಟೆಯನ್ನು ಹಳೇದು ಮಾಡುತ್ತಾರೆ. ಹಳ್ಳಿಯಲ್ಲಿ ಹಳೇ ಬಟ್ಟೆಯನ್ನು ಹೊಸದು ಮಾಡುತ್ತಾರೆ. ಮೊದಲನೆಯದಕ್ಕೆ ಉದ್ಯಮ ಅಂತ ಹೆಸರು. ಎರಡನೆಯದಕ್ಕೆ ‘ಮುದುಕಿ ಕೂತಲ್ಲೇ ಏನೋ ಹೊಲೀತಾಳೆ’ ಅಂತ ಹೆಸರು.

ಪಟ್ಟಣದ ಮಾತು ಮೊದಲು. ಬ್ರಿಟಿಷರ ದಂಡು ಇದ್ದ ಊರು ಬಳ್ಳಾರಿ. ಸೈನಿಕರ ಸಮವಸ್ತ್ರ ಹೊಲಿದ ದರ್ಜಿಗಳ ಕೈಕಸುಬು ಮುಂದೆ ಜೀನ್ಸಿಗೆ ಹೊರಳಿತು. ಇವತ್ತು ಕೌಲ್ ಬಜಾರಿನ ಗಲ್ಲಿಯಲ್ಲಿ ಕಿವಿಗೊಟ್ಟರೆ ಮಷಿನ್ ಸದ್ದು. ಒಬ್ಬರು ಕತ್ತರಿಸುತ್ತಾರೆ, ಇನ್ನೊಂದು ಮನೆಯಲ್ಲಿ ಹೊಲಿಯುತ್ತಾರೆ, ಮತ್ತೊಂದು ಕಡೆ ಗುಂಡಿ ಹಾಕುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಹೊಲಿಗೆ ಮುಗಿದ ಪ್ಯಾಂಟು ಬಿರುಸಾಗಿ, ಗಾಢ ನೀಲಿಯಾಗಿ ನಿಂತಿರುತ್ತದೆ. ಅದನ್ನು ಹತ್ತು ವರ್ಷ ತೊಟ್ಟಂತೆ ಕಾಣಿಸುವ ಕೆಲಸ ವಾಷಿಂಗ್ ಘಟಕದ್ದು. ದೊಡ್ಡ ಡ್ರಮ್ಮಿನಲ್ಲಿ ಹಗುರ ಕಲ್ಲಿನ ಜೊತೆ ಉರುಳಿಸುತ್ತಾರೆ, ಎಂಜೈಮ್ ಹಾಕುತ್ತಾರೆ, ಬ್ಲೀಚು ಹಾಕುತ್ತಾರೆ. ತೊಡೆಯ ಮೇಲಿನ ಸುಕ್ಕಿನ ಗೆರೆ ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಿದ್ದು. ಮೊಣಕಾಲಿನ ತೂತೂ ಅಳತೆ ಪ್ರಕಾರವೇ.

ಈ ಹಳೇತನಕ್ಕೆ ಬೆಲೆ ತೆತ್ತವರು ಬೇರೆ. ಟರ್ಕಿ ದೇಶದಲ್ಲಿ ಗಾಳಿ ಒತ್ತಡದಿಂದ ಮರಳು ಹೊಡೆದು ಜೀನ್ಸ್ ಸವೆಸುತ್ತಿದ್ದರು. ಮರಳಿನ ಧೂಳು ಎದೆಗೆ ಹೋಗಿ, ಸಿಲಿಕೋಸಿಸ್ ಆಗಿ ಹುಡುಗರು ಸತ್ತ ಮೇಲೆ 2009ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮಲ್ಲಿ ಪೆಟ್ಟು ಬಿದ್ದದ್ದು ನೀರಿಗೆ. ಬಣ್ಣದ ನೀರು ಶುದ್ಧಿಯಾಗದೆ ಹೊರಗೆ ಹರಿಯುತ್ತದೆ ಅಂತ 2024ರ ಜುಲೈನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಬಳ್ಳಾರಿಯ ಮೂವತ್ತಕ್ಕೂ ಹೆಚ್ಚು ವಾಷಿಂಗ್ ಘಟಕಗಳ ಮೇಲೆ ಕ್ರಮ ಕೈಗೊಂಡಿತು. ವಾಷಿಂಗ್ ನಿಂತರೆ ಹೊಲಿಗೆಯೂ ನಿಂತಂತೆ. ಪೀಸಿನ ಲೆಕ್ಕದಲ್ಲಿ ದುಡಿಯುವ ಮನೆಗಳಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ನೀರೂ ಉಳಿಯಬೇಕು, ಕೂಲಿಯೂ ಉಳಿಯಬೇಕು. ಚುನಾವಣೆ ಬಂದಾಗಲೆಲ್ಲ ಜೀನ್ಸ್ ಪಾರ್ಕಿನ ಮಾತು ಕೇಳುತ್ತೇವೆ, ಅದು ಇರಲಿ.

ಕೌದಿಯ ಲೆಕ್ಕ

ಈಗ ಅಜ್ಜಿಯ ಗಂಟು ಬಿಚ್ಚೋಣ. ಬಸ್ಸಿನಲ್ಲೇ ಒಂದು ಮೂಲೆ ಬಿಚ್ಚಿ ತೋರಿಸಿದಳು. ಹಸಿರು ಸೀರೆಯ ಪಕ್ಕ ಹೂವಿನ ಲಂಗದ ತುಂಡು, ಅದರ ಪಕ್ಕ ಶಾಲೆಯ ನೀಲಿ ಚಡ್ಡಿ, ಮಧ್ಯೆ ಇಳಕಲ್ ಸೆರಗಿನ ಒಂದು ಗೇಣು.

ಕೌದಿ ಹೊಲಿಯುವುದು ಹರಿದ ಬಟ್ಟೆ ಸೇರಿಸಿ ಕುಟ್ಟುವುದಲ್ಲ ಸ್ವಾಮಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಗಂಜಿ ಬಿಡಿಸಿ, ಒಣಗಿಸಬೇಕು. ಗಟ್ಟಿ ಇರುವ ಭಾಗ, ಜಾಳಾದ ಭಾಗ ಬೇರೆ ಮಾಡಬೇಕು. ನೆಲದ ಮೇಲೆ ಒಂದು ಸೀರೆ ಹಾಸಿ ಸುಕ್ಕು ತೆಗೆಯಬೇಕು. ಜಾಳು ಬಟ್ಟೆ ಒಳಗೆ, ಗಟ್ಟಿ ತುಂಡು ಮೇಲೆ. ನಾಲ್ಕೈದು ಪದರ ಸೇರಿದ ಮೇಲೆ ಸುತ್ತ ಅಂಚು ಮಡಚಿ ಹೊಲಿದು, ಅಲ್ಲಿಂದ ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುತ್ತ, ಚೌಕ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಟ್ಟಬೇಕು. ಒಂದು ಕಡೆ ಎಳೆತ ಹೆಚ್ಚಾದರೆ ಕೌದಿ ಗುಬ್ಬಿಯಂತೆ ಉಬ್ಬುತ್ತದೆ. ಮಷಿನ್ ಹೊಲಿಗೆಯಲ್ಲಿ ಬೇಗ ಆಗುತ್ತದೆ, ಆದರೆ ಕೈ ಹೊಲಿಗೆಯ ಮೆದು ಅದಕ್ಕೆ ಬರುವುದಿಲ್ಲ. ಬಾಣಂತಿ ಮನೆಗೆ ಇವತ್ತಿಗೂ ಕೈಯಲ್ಲಿ ಹೊಲಿದ ಕೌದಿಯೇ ಬೇಕು.

“ಎಷ್ಟು ದಿನ ಹಿಡೀತೈತಿ ಅಜ್ಜಿ?” ಅಂದೆ.

“ಮನಿ ಕೆಲಸ ಮುಗಿಸಿ ಕುಂತ್ರ ಹದಿನೈದು, ಇಪ್ಪತ್ತು ದಿನ. ಬೇರೇನೂ ಮಾಡದ ಹೊಲಿದ್ರ ಹತ್ತು.”

ಅಂಗಡಿಯವರಿಗೆ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತೇನೆ. 2025ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಮಣ್ಣು ಹೊತ್ತವರಿಗೆ ಸಿಗುವ ಆ ಕೂಲಿಯನ್ನೇ ಹಿಡಿದರೂ ಹತ್ತು ದಿನಕ್ಕೆ 3,700 ಆಯಿತು. ದಾರ, ಸೋಪು ಬೇರೆ. ಎಂಟು ನೂರು ಅಂದರೆ ದಿನಕ್ಕೆ ಎಂಬತ್ತು ರೂಪಾಯಿ. ಇಬ್ಬರು ಹೋಟೆಲಿನಲ್ಲಿ ಕೂತು ದೋಸೆ ತಿಂದು ಎದ್ದರೆ ಅದು ಮುಗಿಯಿತು.

ಅಂಗಡಿಯವರ ಮಾತೂ ಸುಳ್ಳಲ್ಲ. ನಾನು ಬಳ್ಳಾರಿಯ ಇಬ್ಬರು ವ್ಯಾಪಾರಿಗಳನ್ನು ಕೇಳಿದೆ. “ಸರ, ನಾಲ್ಕು ಸಾವಿರ ಹಾಕಿ ತಂದು ಇಟ್ರ ಯಾರು ತಗೊಳ್ತಾರ? ಮೂರು ತಿಂಗಳು ಕಪಾಟಿನ್ಯಾಗ ಇದ್ರ ದುಡ್ಡು ಸತ್ತಂಗ. ಯಾರೋ ಉಟ್ಟ ಬಟ್ಟಿ ಅಂತ ಗಿರಾಕಿ ಮೂಗು ಮುರೀತಾರ” ಅಂದರು ಒಬ್ಬರು. ಇನ್ನೊಬ್ಬರು ಒಂದು ದಾರಿ ಕಂಡುಕೊಂಡಿದ್ದಾರೆ. ಕೌದಿ ಕೊಂಡು ಇಡುವುದಿಲ್ಲ, ಒಂದನ್ನು ಮಾದರಿಗೆ ನೇತು ಹಾಕಿದ್ದಾರೆ. ಗಿರಾಕಿ ತನ್ನ ತಾಯಿಯ ಸೀರೆ, ಮಕ್ಕಳ ಅಂಗಿ ತಂದು ಕೊಟ್ಟು ಅರ್ಧ ಮುಂಗಡ ಇಡಬೇಕು. ಹೊಲಿಯುವವರಿಗೆ ಕೂಲಿ, ಅಂಗಡಿಗೆ ಕಮಿಷನ್. ಮನೆಯ ಬಟ್ಟೆಗೆ ಮೂಗು ಮುರಿಯುವವರಿಲ್ಲ. ಕಪಾಟಿನಲ್ಲಿ ದುಡ್ಡೂ ಸಾಯುವುದಿಲ್ಲ.

ಇಂಥ ಕಸುಬಿಗೆ ಬೆಲೆ ಬಂದದ್ದು ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಸಂಡೂರಿನ ಲಂಬಾಣಿ ಕಸೂತಿ ನೋಡಿ. ಬಟ್ಟೆ ತುಂಡು, ಕನ್ನಡಿ, ಕವಡೆ, ನಾಣ್ಯ ಎಲ್ಲ ಒಂದೇ ಬಟ್ಟೆಯ ಮೇಲೆ. ತಾಂಡಾದ ಹೆಣ್ಣುಮಕ್ಕಳು ಉಟ್ಟು ಓಡಾಡುತ್ತಿದ್ದಾಗ ಪೇಟೆಯವರು ತಿರುಗಿ ನೋಡಿ ಸುಮ್ಮನಾಗುತ್ತಿದ್ದರು. ಸಂಡೂರು ಕುಶಲ ಕಲಾ ಕೇಂದ್ರ ಅವರನ್ನು ಒಂದುಗೂಡಿಸಿತು, 2010ರಲ್ಲಿ ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯೂ ಆಯಿತು. ಕೌದಿಗೆ ಅಂಥ ಒಂದು ಮನೆ ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಯಾಕೆ ಆಗಬಾರದು? ಕೇಳುವುದಕ್ಕೆ ಕಾಸು ಬೀಳುವುದಿಲ್ಲ.

ಕುರುಗೋಡಿನ ಚೀಲ

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಹೋದಾಗ ಒಂದು ಮನೆಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತ ಹೆಣ್ಣುಮಗಳೊಬ್ಬರನ್ನು ಕಂಡೆ. ಬಳ್ಳಾರಿಯಿಂದ ಜೀನ್ಸಿನ ಚಿಂದಿ ಮೂಟೆ ಲೆಕ್ಕದಲ್ಲಿ ತರಿಸುತ್ತಾರೆ. ಕಟಿಂಗ್ ಆದ ಮೇಲೆ ಉಳಿದ ಅಂಗೈ ಅಗಲದ ತುಂಡುಗಳು ಅವು. ಹೆಚ್ಚಿನವರ ಪಾಲಿಗೆ ಕಸ. ಇವರು ಅದರಲ್ಲಿ ಚೀಲ ಮಾಡುತ್ತಾರೆ. ಮಾಡುವ ಬಗೆ ಕೇಳಿ ಬರೆದುಕೊಂಡೆ, ಮನೆಯಲ್ಲಿ ಮಾಡಿ ನೋಡುವವರಿಗೆ ಆಗಲಿ ಅಂತ.

ಮೊದಲು ಚಿಂದಿಯನ್ನು ಬೇರೆಯಾಗಿ ಎರಡು ಸಲ ಒಗೆಯಬೇಕು. ಜೀನ್ಸಿನ ನೀಲಿ ಬಿಡುತ್ತದೆ, ಬಿಳಿ ಬಟ್ಟೆ ಪಕ್ಕದಲ್ಲಿದ್ದರೆ ಅದರ ಕಥೆ ಮುಗಿಯಿತು. ಒಣಗಿದ ಮೇಲೆ ರಟ್ಟಿನ ಅಳತೆ ಇಟ್ಟು ಒಂದೇ ಗಾತ್ರದ ಚೌಕ ಕತ್ತರಿಸಬೇಕು. ಕಡು ನೀಲಿ, ತಿಳಿ ನೀಲಿ ಒಂದರ ಪಕ್ಕ ಒಂದು. ಮಷಿನ್ ಸೂಜಿ ಹದಿನಾರು ನಂಬರಿಂದು ಇರಲಿ, ಸಾದಾ ಸೂಜಿ ಪಟ್ ಅಂತ ಮುರಿಯುತ್ತದೆ. ಪ್ರತಿ ಜೋಡಣೆಯನ್ನೂ ಇಸ್ತ್ರಿ ಮಾಡಿ ಮಲಗಿಸಬೇಕು, ಇಲ್ಲವಾದರೆ ನಾಲ್ಕು ಮೂಲೆ ಸೇರುವಲ್ಲಿ ದಪ್ಪ ಗಂಟಾಗಿ ಮಷಿನ್ ಹತ್ತುವುದೇ ಇಲ್ಲ. ಬಾಯಿಗೆ ಹಳೇ ರೇಷ್ಮೆ ಸೀರೆಯ ಅಂಚು, ತಳಕ್ಕೆ ಗೋಣಿ, ಒಳಗೆ ಮೆತ್ತನೆ ಹತ್ತಿ ಸೀರೆ. ಅಜ್ಜನ ಕೋಟಿನ ಗುಂಡಿ ಇದ್ದರೆ ಮುಂದೆ ಒಂದು. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಈಗ ಪ್ಲಾಸ್ಟಿಕ್ ಚೀಲದ್ದೇ ಕಾರುಬಾರು, ಒಳ್ಳೆ ಗೋಣಿ ಸಿಕ್ಕರೆ ಬಿಡಬೇಡಿ ಅಂದರು ಆಕೆ.

ಫ್ರೇಮು ಮಾಡುವವರಿಗೆ ಎರಡೇ ಮಾತು. ಅಪ್ಪ ಅಮ್ಮನ ಮದುವೆ ಫೋಟೋ, ಹಳೇ ಲಗ್ನಪತ್ರಿಕೆ ಕತ್ತರಿಸಬೇಡಿ. ಝೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಕಾಗದ ತಾನಾಗಿ ಹಳೇದಾಗುತ್ತದೆ.

ಮರದ ಸಾಮಾನಿನ ವಿಷಯದಲ್ಲಿ ಸ್ವಲ್ಪ ಹುಷಾರು. ಸ್ಟೂಲಿಗೆ ಒಂದು ಬಣ್ಣ ಬಳಿದು, ಅಂಚಿಗೆ ಮೇಣದ ಬತ್ತಿ ತಿಕ್ಕಿ, ಮೇಲೆ ಇನ್ನೊಂದು ಬಣ್ಣ ಬಳಿದು ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿದರೆ ಮೇಣ ಇದ್ದಲ್ಲೆಲ್ಲ ಬಣ್ಣ ಎದ್ದು ನೂರು ವರ್ಷದ ಸಾಮಾನಿನಂತೆ ಕಾಣುತ್ತದೆ. ಹೊಸ ಬಣ್ಣಕ್ಕೆ ಇದು ಸರಿ. ಆದರೆ ಗುಜರಿಯಿಂದ ತಂದ ಹಳೇ ಬಾಗಿಲನ್ನು ಹೀಗೆ ಒಣ ಉಜ್ಜಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ ಕಾಯಿದೆಯ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆ ಧೂಳು ಮಕ್ಕಳ ಮೈಗೆ ಹೋದರೆ ಬುದ್ಧಿಗೇ ಪೆಟ್ಟು. ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ ಉಜ್ಜಿ.

ಇನ್ನು ಗುಜರಿಯವರಿಗೂ ಒಂದು ಮಾತು. ಬೆಂಗಳೂರಿನಿಂದ ಬಂದವರು ನಮ್ಮ ಹಳೇ ಬಾಗಿಲು, ಸೇರು, ಪಾವು, ಲಾಟೀನುಗಳನ್ನು ತೂಕದ ಲೆಕ್ಕದಲ್ಲಿ ಒಯ್ಯುತ್ತಾರೆ. ಅಲ್ಲಿ ಮಾರುವಾಗ ತೂಕ ಕೇಳುವುದಿಲ್ಲ. ಒಮ್ಮೆ ಅಲ್ಲಿಯ ಅಂಗಡಿಗೆ ಹೋಗಿ ಚೀಟಿ ನೋಡಿ ಬನ್ನಿ.

ಬಸ್ಸು ಸಿರುಗುಪ್ಪ ಸಮೀಪಿಸಿತ್ತು. ಅಜ್ಜಿಯ ಕಾಲ ಬುಡದ ಗಂಟಿನಲ್ಲೂ ಜೀನ್ಸಿನ ಚಿಂದಿಯೇ ಅಂತ ಆಗ ಗೊತ್ತಾಯಿತು. ಕೌಲ್ ಬಜಾರಿನಲ್ಲಿ ಹೊಲಿಯುವ ತಂಗಿಯ ಮಗ ಕೊಟ್ಟದ್ದಂತೆ. “ಭಾಳ ಬಿರುಸು ಇದು, ಸೂಜಿ ಇಳಿಯಂಗಿಲ್ಲ. ಆದ್ರ ಕೌದಿ ಅಂಚಿಗೆ ಹಾಕಿದ್ರ ಇಪ್ಪತ್ತು ವರ್ಷ ಹರಿಯಂಗಿಲ್ಲ” ಅಂದಳು. ಹರಿದ ಪ್ಯಾಂಟಿನ ಹುಡುಗ ಕೌದಿಯ ಮೂಲೆ ಮುಟ್ಟಿ ನೋಡುತ್ತಿದ್ದ.

ನಾನೇ ಕೇಳಿದೆ. “ಅಜ್ಜಿ, ಈ ಕೌದಿ ನನಗ ಕೊಡ್ತೀರೇನು? ಮೂರೂವರೆ ಸಾವಿರ ಕೊಡ್ತೀನಿ.”

“ಇದು ಇನ್ನ ಮಾರೂದಿಲ್ಲ ಯಪ್ಪಾ. ದೀಪಾವಳಿ ಮುಂದ ಮೊಮ್ಮಗಳು ಬಾಣಂತನಕ್ಕ ಬರ್ತಾಳ, ಆಕಿಗೆ ಇಟ್ಟೆ. ನಿಮಗ ಬೇಕಂದ್ರ ನಿಮ್ಮ ಮನಿ ಸೀರಿ ತರ್ರಿ. ಒಗೆದು ತರಬೇಕು ಮತ್ತ. ನಾಲ್ಕು ಸಾವಿರ.”

“ಮೂರೂವರೆ ಅಂದೆನಲ್ಲ ಅಜ್ಜಿ.”

“ಹಂಗಾದ್ರ ತರಬ್ಯಾಡ್ರಿ” ಅಂದು ಗಂಟು ತಲೆಯ ಮೇಲಿಟ್ಟುಕೊಂಡು ಇಳಿದಳು. ಇನ್ನೊಂದು ಗಂಟು ಇಳಿಸಿಕೊಟ್ಟದ್ದು ಆ ಹುಡುಗ.

ನಮ್ಮ ತಾಯಿಯ ಐದು ಸೀರೆ ಟ್ರಂಕಿನಲ್ಲಿವೆ. ಭಾನುವಾರ ಒಗೆಯಲು ಹಾಕಿದ್ದೇನೆ.