ತಂತಿಯಿಲ್ಲದೆ ಬರುವ ಸುದ್ದಿ

ತೈಲ ಶುದ್ಧೀಕರಣ ಕಾರ್ಖಾನೆಯ ತೊಟ್ಟಿಯೊಂದರಲ್ಲಿ ಉಷ್ಣತೆ ಏರುತ್ತಿದೆ ಎಂದುಕೊಳ್ಳಿ. ಆ ಸುದ್ದಿ ತಂತಿಯಿಲ್ಲದೆ ನಿಯಂತ್ರಣ ಕೊಠಡಿಯನ್ನು ಮುಟ್ಟಬೇಕು. ಆದರೆ ಸುತ್ತಲಿನ ಉಕ್ಕಿನ ಕೊಳವೆಗಳು ರೇಡಿಯೋ ಅಲೆಗಳನ್ನು ತಡೆಯುತ್ತವೆ. ಇದಕ್ಕೆ ಉಪಾಯವೇನು?

2007ರಲ್ಲಿ ಬಂದ ವೈರ್‌ಲೆಸ್ ಹಾರ್ಟ್ ಎಂಬ ಪದ್ಧತಿಯಲ್ಲಿ ಪ್ರತಿ ಮಾಪಕವೂ ನೆರೆಯ ಮಾಪಕದ ಸಂದೇಶವನ್ನು ಮುಂದಕ್ಕೆ ದಾಟಿಸಬಲ್ಲದು. ಆದ್ದರಿಂದ ಯೋಜನೆ ಹಾಕುವ ಎಂಜಿನಿಯರರು ಮೊದಲು ಕಾರ್ಖಾನೆಯ ನಕ್ಷೆ ಹರಡಿ, ಪ್ರತಿ ಮಾಪಕಕ್ಕೂ ಕನಿಷ್ಠ 3 ನೆರೆಯ ಮಾಪಕಗಳಿವೆಯೇ ಎಂದು ನೋಡುತ್ತಾರೆ. ಕೊಳವೆಗಳು ಒತ್ತೊತ್ತಾಗಿರುವ ಕಡೆ ಅಲೆ ಸುಮಾರು 30 ಮೀಟರ್ ಮಾತ್ರ ಸಾಗುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಆಗ ನಡುವೆ ಲಾರಿಯೊಂದು ಅಡ್ಡ ನಿಂತರೂ ಸುದ್ದಿ ಬೇರೆ ದಾರಿ ಹಿಡಿಯುತ್ತದೆ.

ನೆನಪಿಡಿ: ಒಂಟಿ ಮಾಪಕ ಎಷ್ಟೇ ನಿಖರವಾಗಿರಲಿ, ದಾರಿ ಮುಚ್ಚಿದಾಗ ಅದು ಮೂಕವೇ. ಅಪಾಯ ಬಂದಾಗ ನೆರೆಹೊರೆ ಬೇಕು.