ತುರಮುರಿಯ ಮಲಪ್ರಭಾ: ಒಂದು ಕಂಚಿನ ಪದಕದ ಅರ್ಥ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಹೆಸರನ್ನು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇಡುವುದುಂಟು. ಅಂಥ ಹೆಸರಿನ ಒಬ್ಬ ತರುಣಿ 2018ನೆಯ ಇಸವಿ ಆಗಸ್ಟ್ 28ರಂದು ಇಂಡೋನೇಷ್ಯದ ಜಕಾರ್ತಾ ನಗರದಲ್ಲಿ ಭಾರತದ ಪರವಾಗಿ ಕಂಚಿನ ಪದಕವನ್ನು ಕೊರಳಿಗೆ ಹಾಕಿಸಿಕೊಂಡಳು. ಆಕೆ ಬೆಳಗಾವಿಗೆ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ. ಸಂದರ್ಭ, ಹದಿನೆಂಟನೆಯ ಏಷ್ಯನ್ ಕ್ರೀಡೆಗಳು. ಆಟದ ಹೆಸರು, ಕುರಾಶ್.

ಈ ಹೆಸರನ್ನು ವಾರ್ತೆಯಲ್ಲಿ ಕೇಳಿದಾಗ ಅನೇಕ ಮನೆಗಳಲ್ಲಿ ಮೂರು ಪ್ರಶ್ನೆಗಳು ಎದ್ದಿರಬೇಕು. ಕುರಾಶ್ ಎಂದರೇನು? ಸೆಮಿಫೈನಲಿನಲ್ಲಿ ಸೋತವಳಿಗೆ ಇನ್ನೊಂದು ಪಂದ್ಯವಿಲ್ಲದೆಯೇ ಪದಕ ಬಂದದ್ದು ಹೇಗೆ? ಮತ್ತು, ಇಂಥ ಒಂದು ಪದಕದಿಂದ ಕ್ರೀಡೆಯನ್ನು ನೆಚ್ಚಿ ಹೊರಟ ಹುಡುಗಿಯ ಬಾಳಿನಲ್ಲಿ ಎಷ್ಟು ಮೆಟ್ಟಿಲು ಏರಿದಂತಾಯಿತು? ಈ ಮೂರಕ್ಕೂ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಆಟದ ವಿಚಾರ. ಕುರಾಶ್ ಮಧ್ಯ ಏಷ್ಯದ, ವಿಶೇಷವಾಗಿ ಉಜ್ಬೇಕಿಸ್ತಾನದ, ಬಹು ಹಳೆಯ ಕುಸ್ತಿ. ನಮ್ಮಲ್ಲಿ ಜಾತ್ರೆ, ಉರುಸುಗಳಿಗೆ ಕುಸ್ತಿ ಹೇಗೋ ಅಲ್ಲಿ ಮದುವೆ, ಸುಗ್ಗಿಯ ಹಬ್ಬಗಳಿಗೆ ಕುರಾಶ್ ಹಾಗೆ. ಅದಕ್ಕೆ ಇಂದಿನ ಕಾಲಕ್ಕೆ ಹೊಂದುವ ನಿಯಮಗಳನ್ನು ಕಟ್ಟಿ, 1998ರಲ್ಲಿ ತಾಷ್ಕೆಂಟಿನಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿದರು. ಏಷ್ಯನ್ ಕ್ರೀಡೆಗಳಲ್ಲಿ ಪದಕದ ಆಟವಾಗಿ ಅದು ಮೊದಲ ಬಾರಿಗೆ ಸೇರಿದ್ದು 2018ರಲ್ಲಿಯೇ. ಆದ್ದರಿಂದ ನಮ್ಮ ಜನಕ್ಕೆ ಅದರ ಪರಿಚಯವಿರಲಿಲ್ಲವೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಬೆಳಗಾವಿಯ ಆನಂದವಾಡಿಯ ಆಖಾಡದಲ್ಲಿ ಕುಸ್ತಿ ನೋಡಿದವರಿಗೆ ಕುರಾಶಿನ ತಿರುಳು ಬೇಗ ತಿಳಿದೀತು. ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ನಮ್ಮ ಪೈಲವಾನರು ಲಂಗೋಟಿ ಕಟ್ಟಿ ಬರಿ ಮೈಯಲ್ಲಿ ಸೆಣಸುತ್ತಾರೆ. ಕುರಾಶಿನಲ್ಲಿ ಇಬ್ಬರಿಗೂ ದಪ್ಪ ಬಟ್ಟೆಯ ಅಂಗಿಯುಂಟು. ಒಬ್ಬರದು ಹಸಿರು, ಇನ್ನೊಬ್ಬರದು ನೀಲಿ, ನಡುವಿಗೆ ಪಟ್ಟಿ. ಹಿಡಿತವೆಲ್ಲ ಆ ಅಂಗಿಯ ಮೇಲೆ. ಎರಡನೆಯದಾಗಿ, ಇದು ನಿಂತು ಆಡುವ ಆಟ. ನಡುಪಟ್ಟಿಯಿಂದ ಕೆಳಗೆ ಕೈಯಿಂದ ಹಿಡಿಯುವಂತಿಲ್ಲ. ನೆಲಕ್ಕೆ ಬಿದ್ದವರನ್ನು ಅಲ್ಲಿಯೇ ಅದುಮಿ ಹಿಡಿಯುವುದು, ಕೈಕಾಲು ತಿರುಚುವುದು, ಕತ್ತು ಹಿಸುಕುವುದು ಯಾವುದೂ ಸಲ್ಲದು. ಒಬ್ಬರು ನೆಲ ಮುಟ್ಟಿದೊಡನೆ ತೀರ್ಪುಗಾರರು ಆಟ ನಿಲ್ಲಿಸಿ, ಇಬ್ಬರನ್ನೂ ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ.

ಅಂಕಗಳಿಗೆ ಉಜ್ಬೇಕ್ ಹೆಸರುಗಳೇ ಉಳಿದುಕೊಂಡಿವೆ. ಎದುರಾಳಿಯನ್ನು ಬೆನ್ನು ನೆಲಕ್ಕೆ ಬಡಿಯುವಂತೆ ಸ್ವಚ್ಛವಾಗಿ ಎತ್ತಿಹಾಕಿದರೆ ಅದು ‘ಹಲಾಲ್’. ಅಲ್ಲಿಗೆ ಪಂದ್ಯ ಮುಗಿಯಿತು. ನಮ್ಮ ಕುಸ್ತಿಯ ‘ಚಿತ್’ ಇದ್ದ ಹಾಗೆ. ಪಕ್ಕಕ್ಕೆ ಬಿದ್ದರೆ ‘ಯಾನ್‌ಬೋಷ್’. ಅಂಥವು ಎರಡಾದರೆ ಒಂದು ಹಲಾಲಿಗೆ ಸಮ. ಇನ್ನೂ ಕಡಿಮೆಯ ಬೀಳಿಗೆ ‘ಚಾಲಾ’. ಒಂದು ಪಂದ್ಯಕ್ಕೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹಿಡಿತ ಸಿಗಬೇಕು, ಸಮಯ ಕಾಣಬೇಕು, ಎತ್ತಬೇಕು. ಶಕ್ತಿಗಿಂತ ಸಮತೋಲನವನ್ನು ಕೆಡಿಸುವ ಜಾಣ್ಮೆ ಇಲ್ಲಿ ದೊಡ್ಡದು.

ಹಾಗಾದರೆ ತುರಮುರಿಯ ಹುಡುಗಿಗೆ ಈ ಪರದೇಶದ ಆಟ ಬಂದದ್ದು ಎಲ್ಲಿಂದ? ಉತ್ತರ: ಜೂಡೋದಿಂದ. ಬೆಳಗಾವಿಯಲ್ಲಿ ರಾಜ್ಯದ ಯುವಜನ ಮತ್ತು ಕ್ರೀಡಾ ಇಲಾಖೆಯ ಜೂಡೋ ತರಬೇತಿ ಕೇಂದ್ರವಿದೆ. ರೈತ ಕುಟುಂಬದ ಮಲಪ್ರಭಾ ಅಲ್ಲಿ ಪಳಗಿದ ಪಟು. ಜೂಡೋ ಎಂಬುದು 1882ರಲ್ಲಿ ಜಪಾನಿನ ಜಿಗೋರೋ ಕಾನೋ ಎಂಬ ಶಿಕ್ಷಕರು ರೂಪಿಸಿದ ಆಟ. ಅಲ್ಲಿಯೂ ಅಂಗಿಯ ಹಿಡಿತವೇ, ಎತ್ತಿಹಾಕುವುದೇ ಮುಖ್ಯ; ನೆಲದ ಮೇಲಿನ ಪಟ್ಟುಗಳು ಅದಕ್ಕೆ ಸೇರಿಕೊಂಡಿರುತ್ತವೆ. ಅವನ್ನು ಬಿಟ್ಟು ನಿಂತು ಹಾಕುವ ಪಟ್ಟುಗಳನ್ನು ಮಾತ್ರ ಉಳಿಸಿಕೊಂಡರೆ ಕುರಾಶಿಗೆ ಬಹಳ ಸಮೀಪ ಬಂದಂತೆ. ಏಷ್ಯನ್ ಕ್ರೀಡೆಗಳಿಗೆ ಈ ಆಟ ಸೇರಿದಾಗ ಭಾರತ ನೆಚ್ಚಿಕೊಂಡದ್ದು ಇಂಥ ಜೂಡೋ ಪಟುಗಳನ್ನೇ. ದೆಹಲಿಯ ಪಿಂಕಿ ಬಲ್ಹಾರಾ ಕೂಡ ಹೀಗೆಯೇ ಜೂಡೋದಿಂದ ಬಂದವಳು.

ಇನ್ನು ಪಂದ್ಯದ ಮಾತು. ಕುಸ್ತಿಯ ಎಲ್ಲ ಬಗೆಗಳಂತೆ ಇಲ್ಲಿಯೂ ತೂಕದ ವಿಭಾಗಗಳಿವೆ. ಜಕಾರ್ತಾದಲ್ಲಿ ಮಹಿಳೆಯರಿಗೆ 52, 63 ಮತ್ತು 78 ಕಿಲೋಗ್ರಾಮಿನ ಮೂರು ವಿಭಾಗಗಳನ್ನು ಇಟ್ಟಿದ್ದರು. ಮಲಪ್ರಭಾ, ಪಿಂಕಿ ಇಬ್ಬರೂ 52 ಕಿಲೋ ವಿಭಾಗದಲ್ಲಿ ಇಳಿದರು. ಇಬ್ಬರೂ ಸೆಮಿಫೈನಲಿನವರೆಗೆ ಬಂದರು. ಎದುರಿಗೆ ನಿಂತವರಿಬ್ಬರೂ ಈ ಆಟದ ತವರಾದ ಉಜ್ಬೇಕಿಸ್ತಾನದವರು. ಪಿಂಕಿ ತನ್ನ ಸೆಮಿಫೈನಲನ್ನು ಗೆದ್ದಳು. ಮಲಪ್ರಭಾ ಗುಲ್ನೋರ್ ಸುಲೇಮಾನೋವಾ ಎಂಬಾಕೆಯ ಎದುರು 0-10ರಿಂದ ಸೋತಳು. ಅಂಕಪಟ್ಟಿಯಲ್ಲಿ 10 ಎಂದರೆ ಒಂದು ಹಲಾಲ್, ಒಂದು ಸ್ವಚ್ಛವಾದ ಪಟ್ಟು ಎಂದರ್ಥ. ಅದೇ ಸುಲೇಮಾನೋವಾ ಫೈನಲಿನಲ್ಲಿ ಪಿಂಕಿಯನ್ನೂ 10-0ರಿಂದಲೇ ಸೋಲಿಸಿ ಚಿನ್ನ ಪಡೆದಳು.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಕೂಟದ ಕುರಾಶಿನಲ್ಲಿ ಮೂರನೆಯ ಸ್ಥಾನಕ್ಕೆ ಬೇರೆ ಪಂದ್ಯವಿರಲಿಲ್ಲ. ಸೆಮಿಫೈನಲಿನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುವುದು ನಿಯಮ. ಹೀಗೆ ಪಿಂಕಿಗೆ ಬೆಳ್ಳಿ, ಮಲಪ್ರಭೆಗೆ ಕಂಚು ಬಂತು. ಆ ವರ್ಷ ಕುರಾಶಿನಲ್ಲಿ ಭಾರತಕ್ಕೆ ದೊರೆತ ಪದಕಗಳು ಇವೆರಡೇ. ‘ಸೋತೂ ಪದಕ’ ಎಂದು ಇದನ್ನು ಹಗುರಾಗಿ ಎಣಿಸಬಾರದು. ಸೆಮಿಫೈನಲಿನ ಬಾಗಿಲಿಗೆ ಬರಬೇಕಾದರೆ ಅದಕ್ಕೆ ಮೊದಲಿನ ಸುತ್ತುಗಳನ್ನು ಗೆದ್ದೇ ಬರಬೇಕು.

ಈಗ ಮೂರನೆಯ, ಹೆಚ್ಚು ತೊಡಕಿನ ಪ್ರಶ್ನೆ. ಒಬ್ಬ ಕ್ರೀಡಾಪಟುವಿನ ಏಳಿಗೆಯನ್ನು ಅಳೆಯುವುದು ಹೇಗೆ? ಹೋಲಿಕೆಗಾಗಿ ಟೆನ್ನಿಸ್ ಆಟವನ್ನು ತೆಗೆದುಕೊಳ್ಳೋಣ. ಅಲ್ಲಿ ಏಣಿಯ ಒಂದೊಂದು ಮೆಟ್ಟಿಲೂ ಸ್ಪಷ್ಟವಾಗಿ ಕಾಣುತ್ತದೆ. ವೃತ್ತಿಪರ ಆಟಗಾರ್ತಿಯರ ಕೆಳಗಿನ ಮೆಟ್ಟಿಲ ಪಂದ್ಯಾವಳಿಯನ್ನು ಗೆದ್ದರೆ 15 ಅಂಕ, ಅದರ ಮೇಲಿನದಕ್ಕೆ 35, ಹೀಗೆ ಏರುತ್ತ ವಿಂಬಲ್ಡನ್ನಿನಂಥ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಒಂದನ್ನು ಗೆದ್ದರೆ 2000 ಅಂಕ. ಗಳಿಸಿದ ಅಂಕಕ್ಕೆ 52 ವಾರದ ಆಯುಷ್ಯ. ಆಮೇಲೆ ಅದು ಕರಗಿಹೋಗುತ್ತದೆ; ಮತ್ತೆ ಗಳಿಸಬೇಕು. ಸೋಮವಾರ ಬಂದರೆ ಹೊಸ ಶ್ರೇಯಾಂಕದ ಪಟ್ಟಿ.

ಇದರ ಗುಣದೋಷಗಳನ್ನು ಬ್ರಿಟನ್ನಿನ ಸೋನಾಯ್ ಕಾರ್ತಾಲ್ ಎಂಬ ಆಟಗಾರ್ತಿಯ ಉದಾಹರಣೆಯಿಂದ ನೋಡಬಹುದು. 2024ರ ವಿಂಬಲ್ಡನ್ನಿಗೆ ಬಂದಾಗ ಆಕೆಯ ಸ್ಥಾನ ಮುನ್ನೂರರ ಆಸುಪಾಸಿನಲ್ಲಿತ್ತು. ಅರ್ಹತಾ ಸುತ್ತುಗಳನ್ನು ಗೆದ್ದು ಮುಖ್ಯ ಪಂದ್ಯಾವಳಿಯ ಮೂರನೆಯ ಸುತ್ತನ್ನು ಮುಟ್ಟಿದಳು. ಅದೇ ವರ್ಷ ಟ್ಯುನೀಷಿಯದ ಮೊನಾಸ್ತೀರಿನಲ್ಲಿ ಮಹಿಳಾ ವೃತ್ತಿಪರ ಸಂಘದ ಮೊದಲ ಪ್ರಶಸ್ತಿ. 2025ರ ವಿಂಬಲ್ಡನ್ನಿನಲ್ಲಿ ನಾಲ್ಕನೆಯ ಸುತ್ತು. ಅದೇ ದೇಶದ ಎಮ್ಮಾ ರಾಡುಕಾನು 2021ರಲ್ಲಿ, 150ನೆಯ ಸ್ಥಾನದಲ್ಲಿದ್ದಾಗ, ಅರ್ಹತಾ ಸುತ್ತಿನಿಂದ ಹೊರಟು ಅಮೆರಿಕದ ಮಹಾ ಪ್ರಶಸ್ತಿಯನ್ನೇ ಗೆದ್ದಳು. ಆಗ ಆಕೆಗೆ ಹದಿನೆಂಟು ವರ್ಷ. ಟೆನ್ನಿಸಿನಲ್ಲಿ ಬಿದ್ದವರಿಗೆ ಮುಂದಿನ ವಾರವೇ ಇನ್ನೊಂದು ಊರು, ಇನ್ನೊಂದು ಅವಕಾಶ. ಆದರೆ ಆ ಏಣಿಯನ್ನು ಹತ್ತಲು ವರ್ಷವಿಡೀ ವಿಮಾನದ ವೆಚ್ಚ, ತರಬೇತುದಾರರ ಸಂಬಳ ಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಗಳದಲ್ಲಿ ಆಟಗಾರ್ತಿಯರ ಅಂತರರಾಷ್ಟ್ರೀಯ ಪಂದ್ಯಗಳು ನಡೆದಿವೆ. 2008ರಲ್ಲಿ ಬೆಂಗಳೂರಿನ ಪ್ರಶಸ್ತಿಯನ್ನು ಸೆರೆನಾ ವಿಲಿಯಮ್ಸ್ ಗೆದ್ದದ್ದೂ ಉಂಟು. ಆದರೂ ಹಳ್ಳಿಯ ರೈತನ ಮನೆಯಿಂದ ಆ ಅಂಗಳದವರೆಗೆ ಹೋಗುವ ದಾರಿ ಎಷ್ಟು ದುಬಾರಿಯೆಂಬುದನ್ನು ಹೇಳಬೇಕಾಗಿಲ್ಲ.

ಜೂಡೋ, ಕುರಾಶುಗಳ ದಾರಿ ಇದಕ್ಕೆ ವಿರುದ್ಧ. ಪ್ರವೇಶ ಅಗ್ಗ: ಒಂದು ಅಂಗಿ, ಒಂದು ಚಾಪೆಯ ಹಾಸು, ಒಬ್ಬ ಗುರು. ಸರ್ಕಾರಿ ಕೇಂದ್ರವಿದ್ದರೆ ಅವೂ ಅಲ್ಲಿಯೇ ದೊರೆಯುತ್ತವೆ. ಶಾಲೆಯ ಆಟ, ಜಿಲ್ಲೆ, ರಾಜ್ಯ, ರಾಷ್ಟ್ರೀಯ ಪಂದ್ಯಗಳು, ಆಯ್ಕೆಯ ಶಿಬಿರ ಎಂಬ ಕೆಳಗಿನ ಮೆಟ್ಟಿಲುಗಳು ಬಡವರ ಕಾಲಿಗೂ ಎಟಕುತ್ತವೆ. ತೊಂದರೆಯಿರುವುದು ಮೇಲೆ. ಏಷ್ಯನ್ ಕ್ರೀಡೆಗಳು ಬರುವುದು ನಾಲ್ಕು ವರ್ಷಕ್ಕೊಮ್ಮೆ. 2022ರ ಹಾಂಗ್‌ಝೌ ಕೂಟವಂತೂ ಸಾಂಕ್ರಾಮಿಕದಿಂದಾಗಿ 2023ಕ್ಕೆ ಹೋಯಿತು. ಒಲಿಂಪಿಕ್ಸಿನಲ್ಲಿ ಕುರಾಶ್ ಇಲ್ಲ. ಜೂಡೋ ಇದೆ, ಮಹಿಳೆಯರಿಗೆ 1992ರಿಂದ ಅಲ್ಲಿ ಪದಕದ ಪಂದ್ಯಗಳಿವೆ. ಆದರೆ ಆ ಬಾಗಿಲು ಬಹಳ ಕಿರಿದು. ಟೋಕಿಯೋಗೆ ಭಾರತದಿಂದ ಹೋದ ಜೂಡೋ ಪಟು ಮಣಿಪುರದ ಸುಶೀಲಾ ದೇವಿ ಒಬ್ಬಳೇ. 2024ರ ಪ್ಯಾರಿಸ್ಸಿಗೆ ತುಲಿಕಾ ಮಾನ್ ಒಬ್ಬಳೇ. ಅಂದರೆ ಕುರಾಶಿನಲ್ಲಿ ಏಷ್ಯದ ಪದಕ ಗೆದ್ದವಳಿಗೆ ಅದೇ ಆಟದಲ್ಲಿ ಒಲಿಂಪಿಕ್ಸಿನ ಮೆಟ್ಟಿಲೇ ಇಲ್ಲ. ಜೂಡೋಗೆ ಮರಳಿದರೆ ಇಡೀ ದೇಶಕ್ಕೆ ಸಿಗುವುದು ಒಂದೆರಡು ಸ್ಥಾನ. ನಡುವೆ ವಾರವಾರದ ಪಂದ್ಯಗಳಿಲ್ಲ, ಬಹುಮಾನದ ಹಣದಿಂದ ಬದುಕು ನಡೆಸುವ ಏರ್ಪಾಡಿಲ್ಲ. ಆದ್ದರಿಂದಲೇ ಇಂಥ ಪಟುಗಳಿಗೆ ಸರ್ಕಾರದ ಪುರಸ್ಕಾರ, ಕ್ರೀಡಾಪಟುಗಳಿಗೆ ಮೀಸಲಾದ ಉದ್ಯೋಗ ಇವು ಅಲಂಕಾರವಲ್ಲ, ಆಧಾರ. ಅವು ತಡವಾದರೆ ಪಟು ಆಟವನ್ನು ಬಿಡುತ್ತಾಳೆ. ಮದುವೆಯ ಮಾತು, ಮನೆಯ ಕೆಲಸ ಕಾದೇ ಇರುತ್ತವೆ.

ಬೆಳಗಾವಿಯ ಸೀಮೆಗೆ ಕ್ರೀಡೆಯ ಕೀರ್ತಿ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ ಈ ಜಿಲ್ಲೆಯ ಫಡೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. 1964ರಲ್ಲಿ ಟೋಕಿಯೋದಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಇವರೆಲ್ಲ ಗಂಡಸರು. ಆಖಾಡದ ಮಣ್ಣನ್ನು ಹೆಣ್ಣುಮಕ್ಕಳು ಮೆಟ್ಟುವುದು ಸಲ್ಲದೆಂಬ ಭಾವನೆ ನಮ್ಮಲ್ಲಿ ಬಹುಕಾಲ ಬಲವಾಗಿತ್ತು. ಜೂಡೋದ ಚಾಪೆಗೆ ಅಂಥ ಹಳೆಯ ಕಟ್ಟಳೆಗಳಿರಲಿಲ್ಲ. ಕುಸ್ತಿಯ ಸೀಮೆಯ ಹುಡುಗಿಯೊಬ್ಬಳು ಕುಸ್ತಿಯ ಆಖಾಡದಿಂದಲ್ಲ, ಜಪಾನಿನ ಆಟದ ಮೂಲಕ, ಉಜ್ಬೇಕ್ ಆಟದಲ್ಲಿ ಗೆದ್ದು ಬಂದದ್ದರ ಹಿಂದೆ ಈ ಸಾಮಾಜಿಕ ಸಂಗತಿಯೂ ಸೇರಿದೆಯೆಂದು ನನಗೆ ತೋರುತ್ತದೆ.

ತುರಮುರಿ ಬೆಳಗಾವಿಯ ಮಗ್ಗುಲಿನ ಊರು. ಅಲ್ಲಿಂದ ನಗರದ ಕೇಂದ್ರಕ್ಕೆ ಬಂದು ಹೋಗುವುದು ಸಾಧ್ಯ. ಖಾನಾಪುರ ಪಟ್ಟಣವೂ ಸುಮಾರು 26 ಕಿಲೋಮೀಟರು. ಬಸ್ಸು, ರೈಲು ಎರಡೂ ಉಂಟು. ಆದರೆ ಜಾಂಬೋಟಿ, ಕಣಕುಂಬಿಗಳ ಕಡೆಯ ಕಾಡಿನ ಹಳ್ಳಿಗಳ ಹುಡುಗಿಗೆ ಸಂಜೆಯ ಅಭ್ಯಾಸ ಮುಗಿಸಿ ಕತ್ತಲಾಗುವ ಮೊದಲು ಮನೆ ಸೇರುವುದೇ ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಅದು ಇನ್ನೂ ಕಠಿಣ. ಅವಳ ಪಾಲಿಗೆ ಏಣಿಯ ಮೊದಲ ಮೆಟ್ಟಿಲು ಚಾಪೆಯಲ್ಲ, ವಸತಿಗೃಹದಲ್ಲಿ ಒಂದು ಹಾಸಿಗೆ. ಎರಡು ಹೊತ್ತಿನ ಪುಷ್ಟಿಕರವಾದ ಊಟ. ‘ಹೋಗಿ ಬಾ’ ಎನ್ನುವ ತಂದೆತಾಯಿ.

ಪಟ್ಟಣದ ವಾಚಕರು ಇದರಲ್ಲಿ ಮಾಡಬಹುದಾದುದೇನು? ನಿಮ್ಮ ಮಕ್ಕಳ ಶಾಲೆಯಲ್ಲಿ ಹುಡುಗಿಯರಿಗೆ ಆಟದ ತಾಸು ನಿಜವಾಗಿ ನಡೆಯುತ್ತದೆಯೇ ಎಂದು ಒಮ್ಮೆ ವಿಚಾರಿಸಿರಿ. ಜಿಲ್ಲಾ ಕ್ರೀಡಾಂಗಣದ ಕೇಂದ್ರದಲ್ಲಿ ಆಯ್ಕೆ ಯಾವಾಗ ನಡೆಯುತ್ತದೆಂಬುದನ್ನು ತಿಳಿದು, ನಿಮ್ಮ ಮನೆಗೆ ಬರುವ ಹಳ್ಳಿಯವರ ಕಿವಿಗೆ ಹಾಕಿರಿ. ಈ ಸಣ್ಣ ವಿಷಯ ತಿಳಿಯದೆ ವಯಸ್ಸಿನ ಮಿತಿ ಮೀರುವ ಹುಡುಗಿಯರುಂಟು. ಯಾರೂ ನೋಡದ ಜಿಲ್ಲಾ ಪಂದ್ಯಕ್ಕೆ ಹೋಗಿ ಅರ್ಧ ತಾಸು ಕುಳಿತು ಬನ್ನಿರಿ. ಪದಕ ಬಂದ ಮೇಲೆ ಹಾರ ಹಾಕಲು ಜನ ಬೇಕಾದಷ್ಟು ಬರುತ್ತಾರೆ. ಪಟುವಿಗೆ ಜನ ಬೇಕಾಗುವುದು ಅದಕ್ಕಿಂತ ಏಳೆಂಟು ವರ್ಷ ಮೊದಲು.