ಮೋಲ್ಡ್ ಹಾಕಿದರೆ ಮುಗಿಯಲಿಲ್ಲ: ಮಕ್ಕಳ ಥೆರಪಿ ಕೇಂದ್ರವೊಂದು ಎದ್ದು ನಿಲ್ಲುವ ಬಗೆ

ಮೈಸೂರಿನ ರಿಂಗ್ ರೋಡಿನ ಆಚೆ ಒಂದು ಕ್ರೈಸ್ತ ಸೇವಾಸಂಸ್ಥೆ ಮಕ್ಕಳಿಗಾಗಿ ಥೆರಪಿ ಕೇಂದ್ರ ಕಟ್ಟಿಸುತ್ತಿದೆ. ನಡೆಸುವವರು ಸಿಸ್ಟರ್‌ಗಳು. ಹೆಸರು ಹಾಕೋದು ಬೇಡ ಅಂತ ಅವರೇ ಹೇಳಿದ್ದರಿಂದ ಇಲ್ಲಿ ಹಾಕುತ್ತಿಲ್ಲ. ನಮ್ಮ ಸಿವಿಲ್ ವಿಭಾಗದ ಕೆಲವರು ಈ ಸೆಮಿಸ್ಟರ್‌ನಲ್ಲಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ, ಅಳತೆ ಹಿಡಿದು, ನಕ್ಷೆ ತಿದ್ದಿ, ಮೇಸ್ತ್ರಿಗಳ ಜತೆ ಟೀ ಕುಡಿದು ಬರುತ್ತಿದ್ದೇವೆ. ಹಾಸ್ಟೆಲ್‌ಗೆ ವಾಪಸ್ ಬಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಎಷ್ಟಾಯ್ತು?" ನಾವು "ಮೋಲ್ಡ್ ಆಯ್ತು" ಅಂತೀವಿ. "ಹಾಗಾದ್ರೆ ಮುಗೀತು ಬಿಡಿ" ಅಂತಾರೆ.

ಮನೆ ಕಟ್ಟೋವಾಗ ಈ ಮಾತು ತಕ್ಕಮಟ್ಟಿಗೆ ನಿಜ. ಚಾವಣಿ ಬಿದ್ದರೆ ಮನೆ ಕಣ್ಣಿಗೆ ಕಾಣುತ್ತೆ, ಉಳಿದದ್ದು ದುಡ್ಡು ಬಂದ ಹಾಗೆ ಆಗುತ್ತೆ, ಗಾರೆ ಆಗದ ಗೋಡೆಯ ನಡುವೆ ಗೃಹಪ್ರವೇಶ ಮಾಡಿದವರೂ ಉಂಟು. ಆದರೆ ಥೆರಪಿ ಕೇಂದ್ರಕ್ಕೆ ಈ ಲೆಕ್ಕ ಹೊಂದಲ್ಲ. ಪಾಯ, ಕಂಬ, ಬೀಮು, ಮೋಲ್ಡ್ ಎಲ್ಲ ಆದಾಗಲೂ ಅಲ್ಲಿ ಇರೋದು ಬರೀ ಒಂದು ಕಟ್ಟಡ. ಅದನ್ನು ಥೆರಪಿ ಕೇಂದ್ರ ಮಾಡೋದು ಕೊನೆಗೆ ಬರುವ ಸಣ್ಣ ಸಣ್ಣ ಕೆಲಸಗಳು, ಮತ್ತು ದುಡ್ಡು ಮುಗಿಯೋದು ಸರಿಯಾಗಿ ಅಲ್ಲಿಗೆ ಬಂದಾಗಲೇ. ಇನ್ನೂ ತೊಡಕಿನ ವಿಷಯ ಅಂದ್ರೆ ಆ ಸಣ್ಣ ಕೆಲಸಗಳಲ್ಲಿ ಹಲವನ್ನು ಮೋಲ್ಡ್ ಹಾಕೋ ಮೊದಲೇ ತೀರ್ಮಾನ ಮಾಡಿರಬೇಕು. ಆಮೇಲೆ ಮಾಡೋಕೆ ಹೋದರೆ ಕಾಂಕ್ರೀಟ್ ಒಡೆಯಬೇಕು.

ಇಂಥ ಕೇಂದ್ರ ಮೈಸೂರಿಗೆ ಹೊಸದೇನಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ 'ಐಶ್' ಅಂತ ಕರೆಯೋದು, ಶುರುವಾಗಿದ್ದು 1965ರಲ್ಲಿ. ಮಾತು ತಡವಾದ, ಕಿವಿ ಕೇಳದ ಮಕ್ಕಳನ್ನು ಕರಕೊಂಡು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಕ್ರೈಸ್ತ ಸಂಸ್ಥೆಗಳ ಆರೋಗ್ಯ ಸೇವೆಯೂ ಈ ಊರಿಗೆ ಹಳೆಯದು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1906ರಿಂದ ಇದೆ. ಹಾಗಿದ್ದರೂ ಊರಾಚೆ ಇನ್ನೊಂದು ಕೇಂದ್ರ ಯಾಕೆ? ಥೆರಪಿ ಅನ್ನೋದು ಒಂದು ಆಪರೇಷನ್ ಥರ ಒಂದೇ ಸಲಕ್ಕೆ ಮುಗಿಯಲ್ಲ. ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ ಬರಬೇಕು. ಎಚ್.ಡಿ. ಕೋಟೆ, ನಂಜನಗೂಡು, ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಕತ್ತು ನಿಲ್ಲದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡು ಬಸ್ಸು ಬದಲಾಯಿಸಿ ಬರೋ ತಾಯಿಗೆ ಇದರ ಅರ್ಥ ಗೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಚಾರ್ಜು ತಪ್ಪಿದೆ, ಅದು ದೊಡ್ಡ ಸಹಾಯವೇ. ಹೋದ ಕೂಲಿಯ ದಿನ ಮಾತ್ರ ಹೋದದ್ದೇ. ಕೇಂದ್ರ ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳ ತಪಾಸಣೆ ನಡೆಯುತ್ತೆ, ಸಮಸ್ಯೆ ಪತ್ತೆಯಾಗುತ್ತೆ. ಪತ್ತೆಯಾದ ಮೇಲೆ ವಾರವಾರ ಹೋಗಲು ಹತ್ತಿರದಲ್ಲೊಂದು ಜಾಗ ಬೇಕಲ್ಲ? ಅದೂ ಬೇಗ ಬೇಕು. ಮೆದುಳು ಅತಿ ವೇಗವಾಗಿ ಬೆಳೆಯೋದು ಮೊದಲ ಕೆಲವು ವರ್ಷಗಳಲ್ಲೇ. ಒಂದು ವರ್ಷ ತಡವಾದ ಕಟ್ಟಡ ಎರಡು ವರ್ಷದ ಮಗುವಿಗೆ ಅರ್ಧ ಆಯಸ್ಸು ತಡವಾದ ಹಾಗೆ.

ಈಗ ಆ ಸಣ್ಣ ಕೆಲಸಗಳಿಗೆ ಬರೋಣ. ಮೊದಲು ಕೊಕ್ಕೆ.

ಆಕ್ಯುಪೇಷನಲ್ ಥೆರಪಿಯಲ್ಲಿ ಉಯ್ಯಾಲೆ ಆಟದ ಸಾಮಾನಲ್ಲ, ಕೆಲಸದ ಸಾಧನ. ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್ ಬೆಳೆಸಿದ ಪದ್ಧತಿಯಲ್ಲಿ ಮಗುವನ್ನು ತೂಗಾಡಿಸಿ, ತಿರುಗಿಸಿ, ಒಳಕಿವಿಯ ಸಮತೋಲದ ವ್ಯವಸ್ಥೆಗೆ ಅಭ್ಯಾಸ ಕೊಡುತ್ತಾರೆ. ಆ ಉಯ್ಯಾಲೆ ಚಾವಣಿಯಿಂದ ತೂಗಬೇಕು. ಬಾರ್ ಬೆಂಡಿಂಗ್ ಕೆಲಸದವರಿಗೆ "ಇಲ್ಲೊಂದು ಹುಕ್ ಬಿಡಿ" ಅಂದಾಗ ಅವರು ಫ್ಯಾನ್ ಬಾಕ್ಸ್ ಎತ್ತಿಕೊಂಡು ಬಂದರು. ಫ್ಯಾನಿನ ತೂಕ 5-6 ಕೆ.ಜಿ. ಇಲ್ಲಿ 30 ಕೆ.ಜಿ.ಯ ಮಗು, ಅದನ್ನು ಹಿಡಿದು ಕೂತ 60 ಕೆ.ಜಿ.ಯ ಥೆರಪಿಸ್ಟ್, ಸೇರಿ 90. ಅದೂ ಸುಮ್ಮನೆ ತೂಗೋ ತೂಕ ಅಲ್ಲ. ಪಿಯುಸಿಯಲ್ಲಿ ಓದಿದ ಲೋಲಕ ನೆನಪು ಮಾಡಿಕೊಳ್ಳಿ: ಒಂದು ಕೋನದಿಂದ ಬಿಟ್ಟ ಲೋಲಕ ಕೆಳಬಿಂದುವಿಗೆ ಬಂದಾಗ ಹಗ್ಗದ ಮೇಲಿನ ಎಳೆತ, ತೂಕದ (3 − 2 ಕಾಸ್ ಥೀಟಾ) ಪಟ್ಟು. 60 ಡಿಗ್ರಿಯಿಂದ ಬಿಟ್ಟರೆ ಎರಡು ಪಟ್ಟು, 90ರಿಂದ ಬಿಟ್ಟರೆ ಮೂರು ಪಟ್ಟು. ಅಂದರೆ 90 ಕೆ.ಜಿ. ಹೋಗಿ 180, 270 ಆಗುತ್ತೆ. ಮಗು ಒಮ್ಮೆಲೇ ಜಗ್ಗಿದರೆ ಇನ್ನೂ ಜಾಸ್ತಿ. ಸ್ಟ್ರಕ್ಚರಲ್ ಎಂಜಿನಿಯರ್ ಪ್ರತಿ ಕೊಕ್ಕೆಗೆ 500 ಕೆ.ಜಿ. ಅಂತ ಹಿಡಿದರು. ಕೊಕ್ಕೆಯನ್ನು ಸ್ಲ್ಯಾಬಿಗಲ್ಲ, ಬೀಮಿಗೆ ಕೊಟ್ಟು, 16 ಎಂ.ಎಂ. ಸರಳನ್ನು ಬೀಮಿನ ಮೇಲ್ಭಾಗದ ಕಬ್ಬಿಣಕ್ಕೆ ಸುತ್ತಿ ಕಟ್ಟಿಸಿದರು. 28 ದಿನ ಆದ ಮೇಲೆ ಒಂದೊಂದು ಕೊಕ್ಕೆಗೂ 10 ಮೂಟೆ ಸಿಮೆಂಟ್ ತೂಗಿ ಹಾಕಿ ಒಂದು ರಾತ್ರಿ ಬಿಟ್ಟರು. ಮೂಟೆಗೆ 50 ಕೆ.ಜಿ., ಲೆಕ್ಕ ಸುಲಭ. ಬೆಳಿಗ್ಗೆ ಮೇಸ್ತ್ರಿ ನಗುತ್ತಾ, "ಈಗ ನಾನೇ ಕೂತ್ಕೋಬೋದಲ್ವಾ ಸಾರ್" ಅಂದರು. ಕೂತರೂ ಕೂಡ.

ಮೋಲ್ಡ್ ಆದ ಮೇಲೆ ಈ ಕೊಕ್ಕೆ ಹಾಕಬೇಕಾಗಿದ್ದರೆ? ಡ್ರಿಲ್ ಮಾಡಿ ಆ್ಯಂಕರ್ ಬೋಲ್ಟ್ ಕೂರಿಸಬೇಕು. ತಲೆಯ ಮೇಲೆ, ಸದಾ ಅಲುಗಾಡುವ ಭಾರಕ್ಕೆ, ಮಗುವಿನ ಕೆಳಗೆ ಬೇರೇನೂ ಆಸರೆ ಇಲ್ಲದ ಕಡೆ ಅದನ್ನು ನೆಚ್ಚಿಕೊಳ್ಳಲು ಬಹಳ ಎಚ್ಚರ ಬೇಕು, ಖರ್ಚೂ ಜಾಸ್ತಿ.

ಎರಡನೆಯದು ಹೊಸ್ತಿಲು ಮತ್ತು ಇಳಿಜಾರು. ನಮ್ಮ ಕಡೆ ಹೊಸ್ತಿಲಿಲ್ಲದ ಬಾಗಿಲು ಇಡೋದಕ್ಕೆ ಯಾವ ಮೇಸ್ತ್ರಿಗೂ ಕೈ ಬರಲ್ಲ. ಹೊಸ್ತಿಲ ಪೂಜೆ ಇರಲಿ, ಮಳೆ ನೀರು ಒಳಗೆ ಬರುತ್ತೆ, ಹುಳ ಹುಪ್ಪಟೆ ಬರುತ್ತೆ ಅನ್ನೋ ಕಾರಣಗಳೂ ಸರಿಯೇ. ಆದರೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿಗೆ ಒಂದು ಇಂಚು ಎತ್ತರವೂ ಗೋಡೆ. ದೇಶದ ಸುಗಮ್ಯತಾ ಮಾನದಂಡಗಳು 12 ಎಂ.ಎಂ.ಗಿಂತ ಎತ್ತರದ ಹೊಸ್ತಿಲನ್ನು ಒಪ್ಪಲ್ಲ. ಕೊನೆಗೆ ಬಾಗಿಲ ಹೊರಗೆ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಮಾಡಿ ನೀರನ್ನು ಅಲ್ಲೇ ತಿರುಗಿಸೋಣ ಅಂತಾಯ್ತು.

ಇಳಿಜಾರಿನ ಲೆಕ್ಕ ಪ್ಲಿಂತ್‌ನಿಂದಲೇ ಶುರುವಾಗುತ್ತೆ. ನೆಲಮಟ್ಟ ರಸ್ತೆಯಿಂದ ಎರಡಡಿ, ಅಂದರೆ 600 ಎಂ.ಎಂ. ಎತ್ತರ. 1:12ರ ಇಳಿಜಾರಿಗೆ 7.2 ಮೀಟರ್ ಉದ್ದ ಬೇಕು, ನಡುವೆ ನಿಲ್ಲಲು 1.5 ಮೀಟರ್ ಸಮತಟ್ಟು ಬೇರೆ. 1:20 ಮಾಡಿದರೆ 12 ಮೀಟರ್. ಪುಸ್ತಕ 1:12 ಸಾಕು ಅನ್ನುತ್ತೆ. ಆದರೆ ಗಾಲಿಕುರ್ಚಿ, ಮಗು ಸೇರಿ 50 ಕೆ.ಜಿ. ಅಂದರೆ, ಗಾಲಿಯ ಉಜ್ಜಾಟ ಬಿಟ್ಟು, 1:12ರಲ್ಲಿ ತಾಯಿ ಸುಮಾರು 4 ಕೆ.ಜಿ.ಯಷ್ಟು ಬಲ ಹಾಕಿ ತಳ್ಳುತ್ತಲೇ ಇರಬೇಕು, 1:20ರಲ್ಲಿ ಎರಡೂವರೆ ಕೆ.ಜಿ.ಯಷ್ಟು. ಒಂದು ಕೈಯಲ್ಲಿ ಚೀಲ, ಜತೆಗೆ ಇನ್ನೊಂದು ಕೂಸು, ಮೇಲೆ ಜಿಟಿಜಿಟಿ ಮಳೆ ಅಂತ ಸೇರಿಸಿಕೊಳ್ಳಿ. ನಮ್ಮ ಮತ 1:20ರ ಕಡೆಗೇ. ಜಾಗ ಇತ್ತು, ಸಿಸ್ಟರ್ ಒಪ್ಪಿದರು, ಎರಡು ಕಾರು ನಿಲ್ಲಿಸೋ ಜಾಗ ಹೋಯಿತು. ಶೌಚಾಲಯದ ಕಥೆಯೂ ಹೀಗೇ: ಕುರ್ಚಿ ಒಳಗೆ ತಿರುಗಲು 1.5 ಮೀಟರ್ ವೃತ್ತ, ಬಾಗಿಲಿಗೆ 900 ಎಂ.ಎಂ. ತೆರವು. ಇದನ್ನು ಗೋಡೆ ಎದ್ದ ಮೇಲೆ ನೆನಪಿಸಿಕೊಂಡರೆ ಗೋಡೆಯನ್ನೇ ಬೀಳಿಸಬೇಕು.

ಇದೆಲ್ಲ ಸಾಮಾನ್ಯ ಕಣ್ಣಿಗೆ ಬೀಳದೆ ಇರೋದು ಸಹಜ. ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ, ಅದೂ ಒಂದು ಕ್ರೈಸ್ತ ಸಂಸ್ಥೆಯೇ, ಡಾ. ಮೇರಿ ವರ್ಗೀಸ್ ಎಂಬ ವೈದ್ಯೆ 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠ ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆ ಶುರುವಾದದ್ದು ಅವರ ನೇತೃತ್ವದಲ್ಲಿ. ಪ್ರತಿ ಕಟ್ಟಡಕ್ಕೂ ಅಂಥವರೊಬ್ಬರು ಸಿಗಲ್ಲ. ಆದ್ದರಿಂದ ನಕ್ಷೆ ಹಿಡಿದವರು ಒಂದು ಗಾಲಿಕುರ್ಚಿ ಬಾಡಿಗೆಗೆ ತಂದು ಸೈಟಿನಲ್ಲಿ ಓಡಾಡಿಸೋದು ಒಳ್ಳೇದು. ಕಾಲೇಜಿನಲ್ಲಿ ಕಲಿಸದ ಪ್ರಾಕ್ಟಿಕಲ್ ಇದು.

ಇನ್ನು ಎಲ್ಲಕ್ಕಿಂತ ಕಷ್ಟದ್ದು ಶಬ್ದ. ಮಾತಿನ ಥೆರಪಿಯ ಕೋಣೆ 5 ಮೀಟರ್ ಉದ್ದ, 4 ಅಗಲ, 3 ಎತ್ತರ. ಗೋಡೆಗೆ ಪ್ಲಾಸ್ಟರ್, ನೆಲಕ್ಕೆ ಟೈಲ್ಸ್, ಮೇಲೆ ಬರೀ ಕಾಂಕ್ರೀಟ್. ಒಳಗೆ ನಿಂತು ಚಪ್ಪಾಳೆ ಹೊಡೆದರೆ ಗುಂಯ್ ಅನ್ನುತ್ತೆ. ಈ ಗುಂಯ್ ಎಷ್ಟು ಹೊತ್ತು ಇರುತ್ತೆ ಅನ್ನೋದಕ್ಕೆ ಸೂತ್ರ ಕೊಟ್ಟವರು ಹಾರ್ವರ್ಡಿನ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಈ ಪುಣ್ಯಾತ್ಮ ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಒಂದೊಂದೇ ಜೋಡಿಸಿ ಅಳೆದು, ಬೆಳಗಾಗೋದರೊಳಗೆ ವಾಪಸ್ ಇಡಿಸುತ್ತಿದ್ದರು. ಸೂತ್ರ ಸರಳ: 0.161ನ್ನು ಕೋಣೆಯ ಘನ ಅಳತೆಯಿಂದ ಗುಣಿಸಿ, ಗೋಡೆ, ನೆಲ, ಚಾವಣಿ ಒಟ್ಟು ಹೀರುವ ಶಬ್ದದಿಂದ ಭಾಗಿಸಿ.

ನಮ್ಮ ಕೋಣೆಯ ಘನ ಅಳತೆ 60, ಒಟ್ಟು ಮೇಲ್ಮೈ 94 ಚದರ ಮೀಟರ್. ಪ್ಲಾಸ್ಟರ್, ಟೈಲ್ಸ್ ಬಿದ್ದ ಶಬ್ದದಲ್ಲಿ ನೂರಕ್ಕೆ ಸುಮಾರು 3ರಷ್ಟು ಮಾತ್ರ ಹೀರುತ್ತವೆ. ಲೆಕ್ಕ ಮಾಡಿದರೆ ಖಾಲಿ ಕೋಣೆಯಲ್ಲಿ ಮೂರು ಸೆಕೆಂಡಿಗೂ ಮೇಲೆ! ಪಾಠದ ಕೋಣೆಗಳಿಗೆ 0.6 ಸೆಕೆಂಡ್ ಮೀರಬಾರದು ಅನ್ನೋದು ಅಮೆರಿಕದಲ್ಲಿ ಬಳಕೆಯಲ್ಲಿರುವ ಮಿತಿ. ಚಾವಣಿಯ 20 ಚದರ ಮೀಟರಿಗೆ ಶೇ. 60ರಷ್ಟು ಹೀರುವ ಖನಿಜ ನಾರಿನ ಹಲಗೆ ಕಟ್ಟಿದರೆ ಸುಮಾರು 0.7ಕ್ಕೆ ಇಳಿಯುತ್ತೆ. ಮೇಲೆ ಒಂದು ದಪ್ಪ ಪರದೆ, ನೆಲಕ್ಕೆ ಚಾಪೆ ಇದ್ದರೆ ಗುರಿ ಮುಟ್ಟಿದ ಹಾಗೆ.

ಇದು ಸೌಕರ್ಯದ ಮಾತಲ್ಲ. 'ಕಲ್ಲು' ಮತ್ತು 'ಹಲ್ಲು', ಎರಡಕ್ಕೂ ವ್ಯತ್ಯಾಸ ಮೊದಲ ವ್ಯಂಜನ ಒಂದೇ. ಸ್ವರಕ್ಕೆ ಬಲ ಜಾಸ್ತಿ, ವ್ಯಂಜನಕ್ಕೆ ಕಮ್ಮಿ. ಗುಂಯ್‌ಗುಡುವ ಕೋಣೆಯಲ್ಲಿ ಹಿಂದಿನ ಶಬ್ದದ ಬಾಲ ಬಂದು ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತೆ. ನಮಗಾದರೆ ಸಂದರ್ಭ ನೋಡಿ ಊಹಿಸೋದು ಗೊತ್ತು. ಆಗ ತಾನೆ ಶ್ರವಣ ಸಾಧನ ಹಾಕಿಕೊಂಡು ಮೊದಲ ಪದ ಕಲಿಯುತ್ತಿರೋ ಮಗುವಿಗೆ ಊಹಿಸಲು ಏನಿದೆ? ಸಾಧನ ಗುಂಯ್ ಅನ್ನೋದನ್ನೂ ದೊಡ್ಡದು ಮಾಡಿಯೇ ಕೇಳಿಸುತ್ತೆ. ಸದ್ದಿಗೇ ಬೆದರುವ ಆಟಿಸಂ ಇರುವ ಮಗುವಿಗಂತೂ ಅಂಥ ಕೋಣೆ ಶಿಕ್ಷೆ.

ಇಷ್ಟೆಲ್ಲ ಮುಖ್ಯವಾದ ಚಾವಣಿಯ ಹಲಗೆ ಖರ್ಚಿನ ಪಟ್ಟಿಯಲ್ಲಿ ಎಲ್ಲಿತ್ತು ಗೊತ್ತಾ? ಕೊನೆಯ ಪುಟದಲ್ಲಿ, 'ನಂತರ ನೋಡೋಣ' ಅನ್ನೋ ಸಾಲಿನಲ್ಲಿ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ, ದೇಣಿಗೆಯ ಸ್ವಭಾವವೇ ಹಾಗೆ. ಕೊಡುವವರಿಗೆ ಕಣ್ಣಿಗೆ ಕಾಣೋದು ಇಷ್ಟ. ಒಂದು ಕೋಣೆ, ಒಂದು ಮಹಡಿ ಅಂದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಗುಂಯ್ ಅನ್ನದ ಮೌನಕ್ಕೆ ಹೆಸರು ಕೆತ್ತಿಸೋದು ಹೇಗೆ? ಹಣ ಬರೋದೂ ಕಂತು ಕಂತಾಗಿ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹಾಗಾಗಿ ಇಂಥ ಸಂಸ್ಥೆಗಳು ಊರಿನವರ ಕೊಡುಗೆ, ಕಂಪನಿಗಳ ಸಿಎಸ್‌ಆರ್ ನಿಧಿ ಇವನ್ನೇ ಹೆಚ್ಚು ನೆಚ್ಚಬೇಕಾಗಿದೆ.

ಈಗ ಸೈಟಿನಲ್ಲಿ ನಡೆಯುತ್ತಿರೋ ದೊಡ್ಡ ಚರ್ಚೆಯೂ ಇದೇ. ಕೈಯಲ್ಲಿರೋ ದುಡ್ಡಿಗೆ ಎರಡರಲ್ಲಿ ಒಂದು ಆಗುತ್ತೆ: ಮೇಲೊಂದು ಮಹಡಿಯ ಮೋಲ್ಡ್, ಇಲ್ಲವೇ ಕೆಳಗಿನ ಕೋಣೆಗಳು ಪೂರ್ತಿ. ಮೇಲಿನ ಮಹಡಿ ದೂರದ ತಾಯಂದಿರು ಉಳಿದುಕೊಳ್ಳಲು. ಬೇಡವಾದ್ದೇನಲ್ಲ. ಕಟ್ಟಡ ಎದ್ದು ಕಂಡರೆ ಇನ್ನಷ್ಟು ದಾನಿಗಳು ಬರುತ್ತಾರೆ ಅನ್ನೋ ವಾದದಲ್ಲೂ ಹುರುಳಿದೆ. ನಮ್ಮನ್ನು ಕೇಳಿದಾಗ ನಾವು ಹೇಳಿದ್ದು: ಕೆಳಗಿನ ಮೂರು ಕೋಣೆ, ಒಂದು ಶೌಚಾಲಯ, ಇಳಿಜಾರು, ಕಾಯುವ ಜಗಲಿ, ಇಷ್ಟನ್ನು ಕೊನೆಯ ಸ್ಕ್ರೂವರೆಗೆ ಮುಗಿಸಿ ಮಕ್ಕಳನ್ನು ಒಳಗೆ ಕರೆಯಿರಿ. ಕಂಬಗಳ ಕಬ್ಬಿಣ ಮೇಲೆ ಚಾಚಿಕೊಂಡಿರಲಿ, ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿದು ಮುಚ್ಚಿಡಿ, ಮಹಡಿ ಯಾವಾಗ ಬೇಕಾದರೂ ಏರಿಸಬಹುದು. ಸಿಸ್ಟರ್ ಎರಡು ವಾರ ಯೋಚಿಸಿದರು. ಮಗುವಿನ ಸರದಿಗಾಗಿ ಹೆಸರು ಬರೆಸಿಟ್ಟಿರುವ ಒಬ್ಬ ತಾಯಿಯನ್ನೂ ಕೇಳಿದರಂತೆ. "ಮೇಲೆ ಮನೆ ಆಮ್ಯಾಕೆ ಆಗ್ಲಿ ಸಿಸ್ಟರಮ್ಮ, ನನ್ ಮಗೀಗೆ ಈಗ್ಲೇ ಮೂರು ತುಂಬ್ತು" ಅಂದರಂತೆ ಆಕೆ.

ಹೋದ ಶನಿವಾರದ ಹೊತ್ತಿಗೆ ಒಳಗಿನ ಪ್ಲಾಸ್ಟರಿಂಗ್ ಮುಗಿದು ನೀರು ಹೊಡೆಯುತ್ತಿದ್ದರು. ಇಳಿಜಾರಿಗೆ ಮಣ್ಣು ತುಂಬಿ ದಮ್ಮಸು ಆಗಿದೆ. ಕಂಬಿ ಎರಡು ಎತ್ತರದಲ್ಲಿ ಬರಬೇಕು, ಒಂದು ದೊಡ್ಡವರಿಗೆ, ಇನ್ನೊಂದು ಮಕ್ಕಳ ಕೈಗೆ. ಚಾವಣಿಯ ಹಲಗೆಗೆ ಮೂರು ಕಡೆಯಿಂದ ಕೊಟೇಶನ್ ಬಂದಿದೆ, ಮುಂದಿನ ವಾರ ಒಂದು ಹಲಗೆ ತಂದು ಕೋಣೆಯಲ್ಲಿಟ್ಟು ಚಪ್ಪಾಳೆ ಹೊಡೆದು ನೋಡಬೇಕಿದೆ. ಇ ಅಂಡ್ ಸಿ ವಿಭಾಗದವರಲ್ಲಿ ಯಾರ ಹತ್ತಿರವಾದರೂ ಒಳ್ಳೆಯ ಮೈಕ್ ಇದ್ದರೆ ಜತೆಗೆ ಬನ್ನಿ. ಬಸ್ಸು ಮಧ್ಯಾಹ್ನ ಎರಡಕ್ಕೆ.